ಗಾಡಿ ತಾಗಿದ ಗಳಿಗೆಯಿಂದ ಪರಿಹಾರದವರೆಗೆ: ನಡೆಯುವವರು, ಸೈಕಲ್‌ನವರು, ಬೈಕ್ ಸವಾರರು ತಿಳಿದಿರಬೇಕಾದ ಕಾನೂನು

ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಸೈಕಲ್‌ನಲ್ಲೇ ಡೈರಿಗೆ ಹಾಲು ಹಾಕಿದವರು. ಒಂದು ಬೆಳಗಿನ ಜಾವ ಹಿಂದಿನಿಂದ ಬಂದ ಟೆಂಪೊ ಅವರ ಮೊಣಕೈ ಸವರಿಕೊಂಡು ಹೋಯಿತು. ಕ್ಯಾನು ಒಂದು ಕಡೆ, ಅವರು ಒಂದು ಕಡೆ. ಭುಜದ ಮೂಳೆ ಮುರಿದಿತ್ತು. ಎತ್ತಿಕೊಂಡು ಹೋದ ಪಕ್ಕದ ಮನೆ ಹುಡುಗನಿಗೆ ಠಾಣೆ, ಸಾಕ್ಷಿ ಎಂದರೆ ದಿಗಿಲು. ಆಸ್ಪತ್ರೆಯಲ್ಲಿ ‘ಹೇಗಾಯಿತು?’ ಎಂದು ಕೇಳಿದಾಗ ‘ಸೈಕಲ್‌ನಿಂದ ಬಿದ್ದರು’ ಎಂದುಬಿಟ್ಟ. ಅಲ್ಲಿ ಅದನ್ನೇ ಬರೆದುಕೊಂಡರು. ತಿಂಗಳುಗಳಾದ ಮೇಲೆ ವಕೀಲರ ಹತ್ತಿರ ಹೋದರೆ ಅವರು ಮೊದಲು ಹುಡುಕಿದ್ದು ಆ ಒಂದು ಸಾಲನ್ನು. ಓದಿ, ಕಾಗದ ಮಡಿಚಿ ನಮ್ಮ ಕೈಗೇ ಕೊಟ್ಟರು.

ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನಿಗೆ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಅವರಲ್ಲಿ 74,897 ಜನ ದ್ವಿಚಕ್ರ ವಾಹನದವರು, 32,825 ಜನ ನಡೆದು ಹೋಗುತ್ತಿದ್ದವರು. ಇಷ್ಟು ಮನೆಗಳಿಗೆ ಬೇಕಾದ ಕಾನೂನು ನಾಲ್ಕೈದು ಕಡೆ ಚದುರಿ ಬಿದ್ದಿದೆ. ಅದನ್ನು ಬೇಕಾಗುವ ಕ್ರಮದಲ್ಲೇ ಜೋಡಿಸಿ ಇಲ್ಲಿ ಕೊಟ್ಟಿದ್ದೇನೆ.

ರಸ್ತೆಯಲ್ಲಿ ನಿಮ್ಮ ಹಕ್ಕು ಎಷ್ಟು?

ಮೊದಲನೆಯದು 1988ರ ಮೋಟಾರು ವಾಹನ ಕಾಯ್ದೆ. ಅದರಡಿ 2017ರಲ್ಲಿ ಬಂದ ಚಾಲನಾ ನಿಯಮಾವಳಿ ಗಾಡಿ ಓಡಿಸುವವರ ನಡವಳಿಕೆಯನ್ನು ಹೇಳುತ್ತದೆ. ಸಿಗ್ನಲ್ ಇಲ್ಲದ ಜೀಬ್ರಾ ಕ್ರಾಸಿಂಗ್ ಹತ್ತಿರ ಬಂದ ಚಾಲಕ ವೇಗ ತಗ್ಗಿಸಿ, ನಿಂತು, ದಾಟುವವರಿಗೆ ದಾರಿ ಬಿಡಬೇಕು. ಗಾಲಿಕುರ್ಚಿಯವರಿಗೂ ಇದೇ ಹಕ್ಕು. ಫುಟ್‌ಪಾತ್ ಮೇಲೆ, ಸೈಕಲ್ ಪಥದ ಮೇಲೆ ಗಾಡಿ ಓಡಿಸುವಂತಿಲ್ಲ, ನಿಲ್ಲಿಸುವಂತೆಯೂ ಇಲ್ಲ. ಟ್ರಾಫಿಕ್ ಜಾಸ್ತಿ ಇತ್ತು ಎಂಬ ನೆವ ನಡೆಯುವುದಿಲ್ಲ. ಸಮವಸ್ತ್ರದ ಪೊಲೀಸರು ಹೇಳಿದರೆ ಮಾತ್ರ ವಿನಾಯಿತಿ.

ಎರಡನೆಯದು ಶಿಕ್ಷೆಯ ಮಾತು. ಸಿಗ್ನಲ್ ಹಾರಿಸುವುದು, ಮೊಬೈಲ್ ಕೈಯಲ್ಲಿ ಹಿಡಿದು ಓಡಿಸುವುದು, ಎದುರು ದಿಕ್ಕಿನಲ್ಲಿ ನುಗ್ಗುವುದು, ನಿಯಮ ಮೀರಿ ಹಿಂದಿಕ್ಕುವುದು, ಇವೆಲ್ಲ ಕಾಯ್ದೆಯ 184ನೇ ಸೆಕ್ಷನ್ನಿನಲ್ಲಿ ಅಪಾಯಕಾರಿ ಚಾಲನೆ. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ನಿನದೂ ಇದೇ ಮಾತು: ಜೀವಕ್ಕೆ ಅಪಾಯ ಆಗುವಂತೆ ಓಡಿಸಿದರೆ ಸಾಕು, ಯಾರಿಗಾದರೂ ತಾಗಿರಲೇಬೇಕೆಂದಿಲ್ಲ. ಈ ಮಾತನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಹೆಜ್ಜೆ 1: ಜಾಗದಲ್ಲಿ

ಏಳಲು ಆಗದಿದ್ದರೆ ಏಳಬೇಡಿ. ಕತ್ತು, ಬೆನ್ನಿಗೆ ಪೆಟ್ಟಾಗಿದ್ದವರನ್ನು ಆಟೊದಲ್ಲಿ ಮಡಿಚಿ ಕೂರಿಸಬೇಡಿ. 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ಕರೆಸಿ, 112ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸಿ. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ.

ಅಷ್ಟರೊಳಗೆ ಗಾಡಿಯ ನಂಬರ್. ಪೂರ್ತಿ ಸಿಗದಿದ್ದರೆ ಕೊನೆಯ ನಾಲ್ಕು ಅಂಕಿ, ಬಣ್ಣ, ಹಿಂದೆ ಬರೆದಿದ್ದ ಹೆಸರು, ಹೋದ ದಿಕ್ಕು. ಮರೆತುಹೋಗುತ್ತದೆ, ಖಂಡಿತ ಮರೆತುಹೋಗುತ್ತದೆ. ಅದಕ್ಕೆ ಮೊಬೈಲ್‌ನಲ್ಲಿ ಧ್ವನಿ ರೆಕಾರ್ಡ್ ಮಾಡಿಬಿಡಿ. ಸೈಕಲ್ಲನ್ನು ಪಕ್ಕಕ್ಕೆ ಎಳೆಯುವ ಮೊದಲು ನಾಲ್ಕು ಫೋಟೊ: ಸೈಕಲ್ ಬಿದ್ದ ರೀತಿ, ಟೈರಿನ ಗುರುತು, ಹತ್ತಿರದ ಅಂಗಡಿಯ ಬೋರ್ಡು, ಎದುರಿನ ಸಿಸಿಟಿವಿ ಕ್ಯಾಮೆರಾ. ಕ್ಯಾಮೆರಾದ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುವುದರಿಂದ, ಕ್ಯಾಮೆರಾ ಎಲ್ಲಿದೆ ಎಂಬುದನ್ನು ದೂರಿನಲ್ಲೇ ಬರೆಯುವುದು ಒಳ್ಳೆಯದು.

ಚಾಲಕ ಓಡಿಹೋಗುವಂತಿಲ್ಲ. ಗಾಯಾಳುವಿಗೆ ವೈದ್ಯಕೀಯ ನೆರವು ಸಿಗುವಂತೆ ನೋಡಿಕೊಳ್ಳುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು 134ನೇ ಸೆಕ್ಷನ್ ಪ್ರಕಾರ ಅವನ ಹೊಣೆ. ಅವನು ನಿಂತರೆ ಬಹುತೇಕ ಕಡೆ ಆಗುವುದೇನು? ‘ಐದು ಸಾವಿರ ಇಟ್ಕೊಳಿ ಅಣ್ಣ, ಕೇಸು ಗೀಸು ಬೇಡ.’ ಊರಿನ ಹಿರಿಯರೂ ಅದೇ ಹೇಳುತ್ತಾರೆ. ದಯವಿಟ್ಟು ಅಲ್ಲೇ ರಾಜಿಗೆ ಒಪ್ಪಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ. ತಲೆಯ ಪೆಟ್ಟು ಎರಡು ದಿನ ಬಿಟ್ಟು ತೋರಿಸಿಕೊಂಡ ಉದಾಹರಣೆಗಳು ಎಷ್ಟೋ.

ಎತ್ತಿಕೊಂಡು ಹೋದವರಿಗೂ ಒಂದು ಮಾತು. 134ಎ ಸೆಕ್ಷನ್ ನಿಮ್ಮನ್ನು ಕಾಪಾಡುತ್ತದೆ. ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲ, ಸಾಕ್ಷಿ ಹೇಳಲೇಬೇಕೆಂದು ಆಸ್ಪತ್ರೆಯಲ್ಲಿ ಕೂರಿಸಿಕೊಳ್ಳುವಂತಿಲ್ಲ. ಇಂಥ ರಕ್ಷಣೆಗೆಂದೇ ರಾಜ್ಯವೊಂದು ಪ್ರತ್ಯೇಕ ಕಾಯ್ದೆ ಮಾಡಿದ್ದು ಮೊದಲು ಕರ್ನಾಟಕದಲ್ಲಿ. ನಮ್ಮ ಪಕ್ಕದ ಮನೆ ಹುಡುಗನಿಗೆ ಇಷ್ಟು ಗೊತ್ತಿದ್ದಿದ್ದರೆ ಅವನು ನಿಜ ಹೇಳುತ್ತಿದ್ದ.

ಹೆಜ್ಜೆ 2: ಆಸ್ಪತ್ರೆಯಲ್ಲಿ

ಇಡೀ ಪ್ರಕರಣ ನಿಲ್ಲುವುದೂ ಬೀಳುವುದೂ ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಪೊಲೀಸರು ಬರಲಿ ಆಮೇಲೆ ನೋಡೋಣ ಎಂದು ಯಾವ ವೈದ್ಯರೂ ಹೇಳುವಂತಿಲ್ಲ. ಸರ್ಕಾರಿ ಇರಲಿ ಖಾಸಗಿ ಇರಲಿ, ಮೊದಲು ಜೀವ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರ ಪ್ರಕರಣದಲ್ಲೇ ಹೇಳಿದೆ. ಈಗ ಅದಕ್ಕೆ ಹಣದ ಬೆಂಬಲವೂ ಇದೆ. 2025ರ ಮೇ 5ರಂದು ಕೇಂದ್ರ ಸರ್ಕಾರ ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಒಬ್ಬ ಗಾಯಾಳುವಿಗೆ ಅಪಘಾತವಾದ ದಿನದಿಂದ 7 ದಿನಗಳವರೆಗೆ ಗರಿಷ್ಠ 1.5 ಲಕ್ಷ ರೂಪಾಯಿ ಚಿಕಿತ್ಸೆ ಸಿಗುತ್ತದೆ. ಯಾವ ರಸ್ತೆಯಾದರೂ ಸರಿ, ಮೋಟಾರು ವಾಹನದಿಂದ ಆದ ಅಪಘಾತ ಆಗಿರಬೇಕು. ಯೋಜನೆಗೆ ಗುರುತಿಸಿದ ಆಸ್ಪತ್ರೆ ಹತ್ತಿರದಲ್ಲಿ ಯಾವುದು ಎಂದು 112ಕ್ಕೆ ಕೇಳಿ, ದಾಖಲಿಸುವಾಗಲೇ ‘ನಗದುರಹಿತ ಯೋಜನೆಯಡಿ ಬರೆದುಕೊಳ್ಳಿ’ ಎಂದು ಹೇಳಿ.

ಕರ್ನಾಟಕಕ್ಕೆ ಈ ಯೋಚನೆ ಹೊಸದಲ್ಲ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿ ಬಡಿದು ದೇಹ ಎರಡು ತುಂಡಾದ ಬೈಕ್ ಸವಾರ ಹರೀಶ್, ಆ ಸ್ಥಿತಿಯಲ್ಲೂ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡರು. ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ಮೊದಲ 48 ಗಂಟೆಗಳ ಉಚಿತ ಚಿಕಿತ್ಸೆಯ ‘ಮುಖ್ಯಮಂತ್ರಿ ಸಾಂತ್ವನ–ಹರೀಶ್’ ಯೋಜನೆ ತಂದಿತು. ಹರೀಶ್ ಅವರ ಆ ಮಾತು ಈಗ ನೆನೆದರೂ ಕಣ್ಣು ತುಂಬುತ್ತದೆ.

ಇನ್ನು ಆ ಒಂದು ಸಾಲು. ತುರ್ತು ವಿಭಾಗದಲ್ಲಿ ವೈದ್ಯರು ‘ಏನಾಯಿತು’ ಎಂದು ಕೇಳಿ ಬರೆದುಕೊಳ್ಳುವುದನ್ನೇ ಮುಂದೆ ಪೊಲೀಸರು, ವಿಮಾ ಕಂಪನಿ, ನ್ಯಾಯಾಧೀಶರು ಎಲ್ಲರೂ ಓದುತ್ತಾರೆ. ‘ಬಿದ್ದು ಪೆಟ್ಟು’ ಎಂದು ಬರೆದರೆ ಅಲ್ಲಿ ಗಾಡಿಯೇ ಇಲ್ಲ! ಸ್ಪಷ್ಟವಾಗಿ ಹೇಳಿ: ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಜಾಗದಲ್ಲಿ, ಈ ನಂಬರಿನ ಗಾಡಿ ಹಿಂದಿನಿಂದ ಗುದ್ದಿತು. ನಂಬರ್ ಗೊತ್ತಿಲ್ಲದಿದ್ದರೆ ‘ನಂಬರ್ ತಿಳಿಯದ ಟೆಂಪೊ’ ಎಂದಾದರೂ ಬರೆಸಿ. ‘ಎಂಎಲ್‌ಸಿ ಮಾಡಿ’ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವಾಗಿ ದಾಖಲಿಸಿ) ಎಂದು ಬಾಯಿಬಿಟ್ಟು ಕೇಳಿ, ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಆಸ್ಪತ್ರೆಯಿಂದ ಠಾಣೆಗೆ ಮಾಹಿತಿ ಹೋಗುವುದು ಅದರಿಂದಲೇ. ಬಿಡುಗಡೆಯಾಗುವಾಗ ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಬಿಲ್ಲುಗಳು, ಔಷಧ ಅಂಗಡಿಯ ಚೀಟಿಗಳನ್ನೂ ಸೇರಿಸಿ ಒಂದು ಫೈಲ್ ಮಾಡಿ. ಗಾಯದ ಪ್ರಮಾಣಪತ್ರ (ವೂಂಡ್ ಸರ್ಟಿಫಿಕೇಟ್) ಪೊಲೀಸರ ಮೂಲಕ ಬರುತ್ತದೆ. ಮೂಳೆ ಅಥವಾ ಹಲ್ಲು ಮುರಿದಿದ್ದರೆ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯ. ಪರಿಹಾರದ ಮೊತ್ತ ಬದಲಾಗುವುದು ಈ ಒಂದು ಪದದಿಂದ.

ಹೆಜ್ಜೆ 3: ಠಾಣೆಯಲ್ಲಿ

ಅಪಘಾತ ಎಲ್ಲೇ ಆಗಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದನ್ನು ಝೀರೊ ಎಫ್‌ಐಆರ್ ಎನ್ನುತ್ತಾರೆ. ಇಮೇಲ್ ಮೂಲಕವೂ ದೂರು ಕಳಿಸಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಬರೆದುಕೊಳ್ಳಲು ಠಾಣೆಯವರು ಒಪ್ಪದಿದ್ದರೆ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ, ಅದಕ್ಕೂ ಉತ್ತರವಿಲ್ಲದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು.

ಗಾಯ ತೀವ್ರವಾಗಿದ್ದರೆ ನ್ಯಾಯ ಸಂಹಿತೆಯ 125ನೇ ಸೆಕ್ಷನ್ನಿನಲ್ಲಿ ಮೂರು ವರ್ಷದವರೆಗೆ, ನಿರ್ಲಕ್ಷ್ಯದಿಂದ ಸಾವಾದರೆ 106(1)ರಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ. ಸಾವಾದ ಮೇಲೆ ತಿಳಿಸದೆ ಓಡಿಹೋದ ಚಾಲಕನಿಗೆ ಹತ್ತು ವರ್ಷ ಎಂಬ ಮಾತು ನೀವು ಕೇಳಿರಬಹುದು. ಅದು 106(2), ಲಾರಿ ಚಾಲಕರ ಮುಷ್ಕರದ ನಂತರ ಅದನ್ನು ಜಾರಿಗೆ ತರದೆ ತಡೆಹಿಡಿಯಲಾಯಿತು.

2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ಪರಿಹಾರ ನ್ಯಾಯಮಂಡಳಿಗೆ ಕಳಿಸಬೇಕು, 90 ದಿನದೊಳಗೆ ವಿವರವಾದ ವರದಿ ಕೊಡಬೇಕು. ಗಾಯಾಳುವಿನ ಹಕ್ಕುಗಳನ್ನು ತಿಳಿಸುವ ನಮೂನೆಯನ್ನು ನಿಮ್ಮ ಕೈಗೆ ಕೊಡಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ. ಕೇಳುವವರಿಗೆ ಕೆಲಸ ಬೇಗ ಆಗುವುದನ್ನು ನಾನು ಕಂಡಿದ್ದೇನೆ.

ಹೆಜ್ಜೆ 4: ಪರಿಹಾರಕ್ಕೆ

ನೀವು ಸೈಕಲ್‌ನವರೋ ನಡೆಯುವವರೋ ಆಗಿದ್ದರೆ ನಿಮಗೆ ವಿಮೆ ಇಲ್ಲ. ಇರಬೇಕಾಗಿಯೂ ಇಲ್ಲ. ಗುದ್ದಿದ ಗಾಡಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಪರಿಹಾರ ಬರುವುದು ಅಲ್ಲಿಂದ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ವಿಮೆ ಇದೆಯೇ ಎಂದು ತಿಳಿಯುತ್ತದೆ. ವಿಮೆ ಇಲ್ಲದ ಗಾಡಿಯಾದರೆ ಮಾಲೀಕನೇ ಹೊಣೆ.

ದಾರಿ ಎರಡು. 164ನೇ ಸೆಕ್ಷನ್ನಿನಲ್ಲಿ ತಪ್ಪು ಯಾರದೆಂದು ಸಾಬೀತು ಮಾಡಬೇಕಿಲ್ಲ: ಸಾವಾದರೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. 166ರಲ್ಲಿ ಚಾಲಕನ ತಪ್ಪು ತೋರಿಸಬೇಕು, ಆದರೆ ಆದಾಯ, ವಯಸ್ಸು, ಅಂಗವೈಕಲ್ಯ ಲೆಕ್ಕಹಾಕಿ ಮೊತ್ತ ಬಹಳ ಹೆಚ್ಚಾಗಬಹುದು. ಮೊದಲನೆಯದನ್ನು ಸ್ವೀಕರಿಸಿದರೆ ಎರಡನೆಯದು ರದ್ದಾಗುತ್ತದೆ. ದುಡಿಯುವ ವಯಸ್ಸಿನವರಿಗೆ ದೊಡ್ಡ ಗಾಯವಾಗಿದ್ದರೆ ಆತುರದಲ್ಲಿ ಮೊದಲನೆಯದಕ್ಕೆ ಒಪ್ಪಬೇಡಿ ಎಂಬುದು ನನ್ನ ಸಲಹೆ. ಮನೆಗೆಲಸ ಮಾಡುವ ಹೆಂಗಸರಿಗೆ ಆದಾಯವೇ ಇಲ್ಲ ಎಂಬ ವಾದ ನಡೆಯುವುದಿಲ್ಲ. ಅವರ ದುಡಿಮೆಗೂ ಬೆಲೆ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಒತ್ತಿ ಹೇಳಿದೆ. ಒಂದೇ ಬೈಕಿನಲ್ಲಿ ಮೂವರು ಕೂತಿದ್ದರು ಎಂಬುದೊಂದರಿಂದಲೇ ಪರಿಹಾರ ಕಡಿತ ಮಾಡಲಾಗದು, ಅಪಘಾತಕ್ಕೆ ಅದೇ ಕಾರಣವೆಂದು ತೋರಿಸಬೇಕು ಎಂದು ಅದೇ ಕೋರ್ಟ್ 2020ರಲ್ಲಿ ಹೇಳಿದೆ.

ಅರ್ಜಿ ಹಾಕಲು ಅಪಘಾತವಾದ ಊರಿಗೇ ಹೋಗಬೇಕಿಲ್ಲ, ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ಬೆಂಗಳೂರಿನಲ್ಲಿ ಲಘು ವ್ಯಾಜ್ಯಗಳ ನ್ಯಾಯಾಲಯಗಳು ಈ ಕೆಲಸ ಮಾಡುತ್ತವೆ. ಕಾಯ್ದೆ ಹೇಳುವ ಗಡುವು ಅಪಘಾತದ ದಿನದಿಂದ ಆರು ತಿಂಗಳು. ಗೋಡೆಯ ಕ್ಯಾಲೆಂಡರ್‌ನಲ್ಲಿ ಈಗಲೇ ಗುರುತು ಹಾಕಿ.

ಆಸ್ಪತ್ರೆಯ ಬಾಗಿಲಲ್ಲೇ ‘ಎಂವಿಸಿ (ಮೋಟಾರು ವಾಹನ ಪರಿಹಾರ) ಕೇಸು ನಾವು ಮಾಡಿಸಿಕೊಡ್ತೀವಿ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್’ ಎನ್ನುವವರು ಸಿಗುತ್ತಾರೆ. ಬಂದ ಹಣದಲ್ಲಿ ಪಾಲು ಕೇಳುವುದು ವಕೀಲರಿಗೆ ಬಾರ್ ಕೌನ್ಸಿಲ್ ನಿಯಮದಲ್ಲೇ ನಿಷಿದ್ಧ. ಫೀಸು ಕೊಡುವ ಶಕ್ತಿ ಇಲ್ಲವೇ? 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಗುದ್ದಿದ ಗಾಡಿ ಸಿಗದಿದ್ದರೆ

161ನೇ ಸೆಕ್ಷನ್ ಇರುವುದು ಇದಕ್ಕಾಗಿ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಅರ್ಜಿ ಕೋರ್ಟಿಗಲ್ಲ, ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಕಚೇರಿಗೆ. ಎಫ್‌ಐಆರ್ ಪ್ರತಿ, ಗಾಯದ ಅಥವಾ ಮರಣೋತ್ತರ ಪರೀಕ್ಷೆಯ ವರದಿ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಅವರು ಒಂದು ತಿಂಗಳಲ್ಲಿ ವರದಿ ಕೊಡಬೇಕು, ಅದರ ಮೇಲೆ 15 ದಿನದಲ್ಲಿ ಮಂಜೂರಾತಿ ಆಗಬೇಕು. ಎಫ್‌ಐಆರ್ ಆಗಿ ಒಂದು ತಿಂಗಳಾದರೂ ಗಾಡಿ ಪತ್ತೆಯಾಗದಿದ್ದರೆ ಈ ಯೋಜನೆಯ ವಿಷಯವನ್ನು ಪೊಲೀಸರೇ ಬರಹದಲ್ಲಿ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಆದೇಶಿಸಿದೆ. ನಮ್ಮ ದೊಡ್ಡಪ್ಪನಿಗೆ ಸಲ್ಲಬೇಕಾಗಿದ್ದದ್ದು ಈ 50,000. ಎಫ್‌ಐಆರ್ ಇರಲಿಲ್ಲ, ಆಸ್ಪತ್ರೆಯ ಕಾಗದದಲ್ಲಿ ಗಾಡಿ ಇರಲಿಲ್ಲ.

ತಾಗದೆ ಹೋದರೂ

ಕನ್ನಡಿ ಕಿವಿಯ ಪಕ್ಕದಲ್ಲೇ ಹಾದುಹೋಯಿತು, ಎದೆ ಹೊಡೆದುಕೊಂಡಿತು, ಗಾಯವಿಲ್ಲ. ಇದಕ್ಕೂ ದೂರು ಕೊಡಬಹುದು; 281 ಮತ್ತು 184 ಎರಡಕ್ಕೂ ಗಾಯವೇ ಬೇಕಿಲ್ಲ. ಬೆಂಗಳೂರಿನಲ್ಲಾದರೆ ಸಂಚಾರ ಪೊಲೀಸರ ಅಸ್ತ್ರಂ ಆ್ಯಪ್‌ನಲ್ಲಿ ಫೋಟೊ ಸಮೇತ ಕಳಿಸಿ, ಬೇರೆ ಊರುಗಳಲ್ಲಿ ಠಾಣೆಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ಆದರೆ ಎಷ್ಟು ಹತ್ತಿರ ಎಂದರೆ ಅಪರಾಧ? ಜರ್ಮನಿಯಲ್ಲಿ 2020ರಿಂದ ಸೈಕಲ್ ಹಿಂದಿಕ್ಕುವಾಗ ಊರೊಳಗೆ ಒಂದೂವರೆ ಮೀಟರ್, ಊರಾಚೆ ಎರಡು ಮೀಟರ್ ಬಿಡಬೇಕು. ಫ್ರಾನ್ಸಿನಲ್ಲಿ ಒಂದು ಮತ್ತು ಒಂದೂವರೆ. ನಮ್ಮ ರಾಷ್ಟ್ರೀಯ ನಿಯಮದಲ್ಲಿ ಅಳತೆ ಇಲ್ಲ. ಅಳತೆ ಇಲ್ಲದ ಕಡೆ ‘ಜಾಗ ಬಿಟ್ಟೇ ಹೋದೆ ಸಾರ್’ ಎಂಬ ಚಾಲಕನ ಮಾತನ್ನು ಅಳೆಯಲು ಪೇದೆಯ ಕೈಯಲ್ಲಿ ಏನೂ ಇರುವುದಿಲ್ಲ.

ಈ ಕೊರತೆ ತುಂಬಲು ದೆಹಲಿಯ ದಾರಿ ಕಾಯಬೇಕಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 138(1ಎ) ಸೆಕ್ಷನ್, ಪಾದಚಾರಿಗಳು ಮತ್ತು ಸೈಕಲ್‌ನಂಥ ಯಂತ್ರವಿಲ್ಲದ ವಾಹನಗಳ ಓಡಾಟಕ್ಕೆ ರಸ್ತೆ ಸುರಕ್ಷತೆಯ ದೃಷ್ಟಿಯಿಂದ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೇ ಕೊಟ್ಟಿದೆ. ಆರು ತಿಂಗಳೊಳಗೆ ಅಂಥ ನಿಯಮ ಮಾಡಿ ಎಂದು 2025ರ ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು. ನಾನು ಸಾರಿಗೆ ಇಲಾಖೆಗೆ ಪತ್ರ ಬರೆದಿದ್ದೇನೆ. ನಿಮ್ಮ ಊರಿನ ಹಾಲಿನ ಡೈರಿ, ಶಾಲೆ, ಗಾರ್ಮೆಂಟ್ಸ್ ದಾರಿಯ ಹೆಸರು ಹಾಕಿ ನೀವೂ ಬರೆಯಿರಿ. ಪತ್ರದಲ್ಲಿ ಕೇಳಬೇಕಾದದ್ದು ಒಂದೇ ಅಂಕಿ: ಸೈಕಲ್ ಹಿಂದಿಕ್ಕುವ ಗಾಡಿ ಕನಿಷ್ಠ ಒಂದೂವರೆ ಮೀಟರ್ ಬಿಟ್ಟು ಹೋಗಬೇಕು.