ಒಂದೇ ಸಾಲಕ್ಕೆ ಎರಡು ನಮೂದು: ಸರಿಪಡಿಸಿಕೊಳ್ಳುವ ಬಗೆ



ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಮೆಕ್ಕೆಜೋಳದ ಬೀಜ, ಭತ್ತದ ಸಸಿಮಡಿ, ಅಡಿಕೆ ತೋಟದ ಗೊಬ್ಬರ, ಎಲ್ಲಕ್ಕೂ ಒಟ್ಟಿಗೆ ಹಣ ಬೇಕಾಗುತ್ತದೆ. ಮೇಲುಗೊಬ್ಬರ ಯಾವಾಗ ಕೊಡಬೇಕೆಂದು ನಾವು ಹೇಳಬಲ್ಲೆವು. ಆದರೆ ಸಾಲ ತಡವಾದರೆ ಗೊಬ್ಬರವೂ ತಡ, ಇಳುವರಿಯೂ ಕಡಿಮೆ. ಆದುದರಿಂದ ಬೇಸಾಯ ಶಾಸ್ತ್ರದವನಾದ ನಾನು ಈ ಸಲ ಸಾಲದ ಲೆಕ್ಕದ ಬಗ್ಗೆ ಬರೆಯುತ್ತಿದ್ದೇನೆ.

ಸಾಲ ಕೊಡುವ ಮುನ್ನ ಬ್ಯಾಂಕು ನಿಮ್ಮ ಕ್ರೆಡಿಟ್ ವರದಿಯನ್ನು ನೋಡುತ್ತದೆ. ಜನ ಇದನ್ನು ಸಾಮಾನ್ಯವಾಗಿ ‘ಸಿಬಿಲ್’ ಎನ್ನುತ್ತಾರೆ. ಅದರಲ್ಲಿ 2 ಲಕ್ಷ ರೂಪಾಯಿಯ ಒಂದೇ ಸಾಲ ಎರಡು ಕಡೆ ನಮೂದಾಗಿದ್ದರೆ ನೀವು 4 ಲಕ್ಷದ ಸಾಲಗಾರರಾಗಿ ಕಾಣುತ್ತೀರಿ. ಹಳೆಯ ನಮೂದು ಬಾಕಿ ಎಂದೇ ಉಳಿದಿದ್ದರೆ ಸುಸ್ತಿದಾರರಾಗಿಯೂ ಕಾಣುತ್ತೀರಿ. ಆಗ ಅನೇಕರು ಕೈಸಾಲಕ್ಕೆ ಹೋಗುತ್ತಾರೆ. ನೂರಕ್ಕೆ ತಿಂಗಳಿಗೆ 2 ರೂಪಾಯಿಯಂತೆ ಒಂದು ಲಕ್ಷಕ್ಕೆ ಆರು ತಿಂಗಳ ಬಡ್ಡಿ 12,000 ರೂ. ಸಕಾಲಕ್ಕೆ ತೀರಿಸಿದ ಬೆಳೆ ಸಾಲಕ್ಕೆ ವರ್ಷಕ್ಕೆ ಶೇ. 4ರಂತೆ ಅದೇ ಅವಧಿಯ ಬಡ್ಡಿ 2,000 ರೂ. ಮಾತ್ರ. ತಪ್ಪು ನಮೂದಿನ ಬೆಲೆ ಇಷ್ಟು!

ಎರಡು ಸಲ ಬರುವುದೇಕೆ?

ಬ್ಯಾಂಕುಗಳ ವಿಲೀನ ಒಂದು ಕಾರಣ. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿಯೂ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಸೇರಿದವು. 2019ರಲ್ಲಿ ಪ್ರಗತಿ ಕೃಷ್ಣ ಮತ್ತು ಕಾವೇರಿ ಗ್ರಾಮೀಣ ಬ್ಯಾಂಕುಗಳು ಒಂದಾದವು. ಇಂತಹ ಸಂದರ್ಭದಲ್ಲಿ ಹಳೆಯ ಹೆಸರಿನ ಖಾತೆ ಮುಚ್ಚದೆ, ಹೊಸ ಹೆಸರಿನಲ್ಲಿ ಅದೇ ಸಾಲ ಮತ್ತೊಮ್ಮೆ ನಮೂದಾಗಬಹುದು. ಕಿಸಾನ್ ಕಾರ್ಡ್ ನವೀಕರಿಸುವಾಗ ಖಾತೆ ಸಂಖ್ಯೆ ಬದಲಾದರೂ ಹೀಗಾಗಬಹುದು.

ಗುರುತಿಸುವುದು ಹೇಗೆ?

ಒಂದೇ ಗುಣಿಯಿಂದ ಹೊರಟ ತೆಂಡೆಗಳನ್ನು ಬೇರೆ ಬೇರೆ ಗುಣಿಗಳೆಂದು ಎಣಿಸಬಾರದಷ್ಟೆ. ಇಲ್ಲಿಯೂ ಬುಡವನ್ನೇ ನೋಡಬೇಕು. ಸಾಲದ ಬಗೆ, ಮಂಜೂರಾದ ಮೊತ್ತ, ಖಾತೆ ತೆರೆದ ದಿನಾಂಕ ಒಂದೇ ಆಗಿದ್ದು ಬ್ಯಾಂಕಿನ ಹೆಸರು ಅಥವಾ ಖಾತೆ ಸಂಖ್ಯೆ ಮಾತ್ರ ಬೇರೆಯಾಗಿದ್ದರೆ ಸಂಶಯಪಡಿ. ನವೀಕರಣದಲ್ಲಿ ದಿನಾಂಕವೂ ಬೇರೆಯಾಗಬಹುದು. ಆಗ ಹಳೆಯ ಖಾತೆಯನ್ನು ಹೊಸ ಖಾತೆಯಿಂದ ತೀರಿಸಲಾಗಿದೆಯೇ ಎಂದು ಶಾಖೆಯಲ್ಲಿ ವಿಚಾರಿಸಿ. ಬೆಳೆ ಸಾಲದ ಜೊತೆಗೆ ಪಡೆದ ಚಿನ್ನದ ಸಾಲ, ನೆರೆಯವರಿಗೆ ಕೊಟ್ಟ ಜಾಮೀನು, ಜಂಟಿ ಸಾಲ ಇವು ಪ್ರತ್ಯೇಕ ನಮೂದುಗಳೇ. ಅವುಗಳನ್ನು ತಪ್ಪೆನ್ನಲಾಗದು.

ಅನುಸರಿಸಬೇಕಾದ ಕ್ರಮ

1. ವರದಿ ಪಡೆಯಿರಿ. ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅಂತರ್ಜಾಲದಲ್ಲಿ ಪಡೆಯಲು ಮನೆಯ ಓದಿದ ಮಕ್ಕಳ ನೆರವು ಪಡೆಯಿರಿ. ಮೊಬೈಲಿಗೆ ಬರುವ ಗುಪ್ತ ಸಂಖ್ಯೆಯನ್ನು ಹೊರಗಿನವರಿಗೆ ಹೇಳಬೇಡಿ.

2. ಶಾಖೆಯಿಂದ ಖಾತೆಯ ಲೆಕ್ಕದ ಪ್ರತಿ ಮತ್ತು ಹಳೆಯ ಖಾತೆ ಮುಕ್ತಾಯವಾದ ಪತ್ರ ಪಡೆಯಿರಿ. ಸಾಲ ತೀರಿದ್ದರೆ ಬೇಬಾಕಿ ಪತ್ರವನ್ನೂ ಕೇಳಿ.

3. ಯಾವ ನಮೂದು ಉಳಿಯಬೇಕು, ಯಾವುದು ಹೋಗಬೇಕು ಎಂದು ಖಾತೆ ಸಂಖ್ಯೆ ಸಹಿತ ಬರೆದು, ಬ್ಯಾಂಕಿಗೂ ವರದಿ ಕೊಟ್ಟ ಸಂಸ್ಥೆಗೂ ದೂರು ಕೊಡಿ. ಬ್ಯಾಂಕು ಒಪ್ಪಿದ ಹೊರತು ಸಂಸ್ಥೆ ತಾನೇ ತಿದ್ದಲಾರದು. ದೂರಿಗೆ ಶುಲ್ಕವಿಲ್ಲ. ದಿನಾಂಕವಿರುವ ಸ್ವೀಕೃತಿಯನ್ನು ತಪ್ಪದೆ ಪಡೆದು ಜೋಪಾನವಾಗಿಡಿ.

4. ಮೂವತ್ತು ದಿನಗಳೊಳಗೆ ದೂರು ಇತ್ಯರ್ಥವಾಗಬೇಕು. ರಿಸರ್ವ್ ಬ್ಯಾಂಕು 2024ರ ಏಪ್ರಿಲ್ 26ರಿಂದ ಜಾರಿಗೆ ತಂದ ನಿಯಮದಂತೆ, ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ದೊರೆಯಬೇಕು. ಆಗಲೂ ಸರಿಹೋಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ. ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು.

5. ಒಂದು ಸಂಸ್ಥೆಯಲ್ಲಿ ಸರಿಯಾದ ಮೇಲೆ ಉಳಿದ ಮೂರರಲ್ಲಿಯೂ ನೋಡಿ.

ಪಹಣಿ ಬೇರೆ, ವರದಿ ಬೇರೆ

ಪಹಣಿಯ 11ನೆಯ ಕಾಲಂನಲ್ಲಿ ಬರುವ ಋಣಭಾರಕ್ಕೂ ಈ ವರದಿಗೂ ನೇರ ಸಂಬಂಧವಿಲ್ಲ. ಒಂದನ್ನು ತಿದ್ದಿದರೆ ಇನ್ನೊಂದು ತಾನಾಗಿ ಸರಿಹೋಗದು. ಸಾಲ ತೀರಿದ ಮೇಲೆ ಪಹಣಿಯಲ್ಲಿನ ಋಣಭಾರವನ್ನು ತೆಗೆಸಲು ಬ್ಯಾಂಕಿನ ಪತ್ರದೊಂದಿಗೆ ಪ್ರತ್ಯೇಕವಾಗಿ ಅರ್ಜಿ ಕೊಡಬೇಕು.

ಹಣ ಕೊಟ್ಟರೆ ಎಲ್ಲವನ್ನೂ ಅಳಿಸಿಕೊಡುತ್ತೇವೆನ್ನುವ ಮಧ್ಯವರ್ತಿಗಳನ್ನು ನಂಬಬೇಡಿ. ನಿಜವಾದ ಬಾಕಿಯನ್ನು ಯಾರೂ ಅಳಿಸಲಾರರು. ತಪ್ಪನ್ನು ತಿದ್ದಿಸಲು ನಿಮ್ಮದೇ ಅರ್ಜಿ ಸಾಕು.

ಬಿತ್ತನೆಗೆ ಮುನ್ನ ಮಣ್ಣು ಪರೀಕ್ಷೆ ಮಾಡಿಸುವ ಹಾಗೆಯೇ, ಪ್ರತಿ ವರ್ಷ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಈ ವರದಿಯನ್ನು ತೆಗೆಸಿ ನೋಡಿ. ತಪ್ಪು ಕಂಡರೂ ಮಳೆ ಬೀಳುವುದರೊಳಗೆ ತಿದ್ದಿಸಲು ಕಾಲಾವಕಾಶವಿರುತ್ತದೆ.