ಓಡುಪಥದ ಶಿಸ್ತು

ಗಗನದಲ್ಲಿ ಸಂಚರಿಸುವ ವಿಮಾನಕ್ಕೆ ನೆಲದ ಮೇಲೂ ಅಪಾಯವುಂಟು. ವಿಮಾನವು ಏರುವ ಅಥವಾ ಇಳಿಯುವ ಓಡುಪಥದ ಮೇಲೆ ಇನ್ನೊಂದು ವಿಮಾನವಾಗಲಿ, ವಾಹನವಾಗಲಿ, ವ್ಯಕ್ತಿಯಾಗಲಿ ಇರಬಾರದ ವೇಳೆಯಲ್ಲಿ ಇರುವುದನ್ನು ಓಡುಪಥದ ಅತಿಕ್ರಮಣ ಎನ್ನುತ್ತಾರೆ. ಒಂದೇ ಪಥದಲ್ಲಿ ಎರಡು ವಿಮಾನಗಳು ಎದುರಾದರೆ ಏನಾಗುವುದೆಂಬುದನ್ನು ಜಗತ್ತು 1977ರಲ್ಲಿ ಕಂಡಿತು.

ಆ ವರ್ಷದ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣವನ್ನು ದಟ್ಟವಾದ ಮಂಜು ಕವಿದಿತ್ತು. ನೆರೆಯ ದ್ವೀಪದ ನಿಲ್ದಾಣದಲ್ಲಿ ಬಾಂಬು ಸ್ಫೋಟಿಸಿದುದರಿಂದ ಅನೇಕ ವಿಮಾನಗಳು ಇಲ್ಲಿಗೆ ಬಂದಿದ್ದವು. ಅವು ಪಕ್ಕದ ದಾರಿಯನ್ನು ತುಂಬಿದ್ದ ಕಾರಣ, ಹೊರಡುವ ವಿಮಾನಗಳು ಓಡುಪಥದ ಮೇಲೆಯೇ ಸಾಗಬೇಕಾಯಿತು. ಪ್ಯಾನ್ ಆಮ್ ವಿಮಾನವು ಹಾಗೆ ಸಾಗುತ್ತಿರುವಾಗಲೇ, ಪಥದ ತುದಿಯಲ್ಲಿದ್ದ ಕೆ.ಎಲ್.ಎಂ. ವಿಮಾನದ ನಾಯಕನು ಅನುಮತಿ ದೊರೆಯದೆಯೇ ಮುನ್ನುಗ್ಗಿದನು. ಕಾಯಬೇಕೆಂಬ ನಿಯಂತ್ರಕನ ಮಾತೂ, ತಾವಿನ್ನೂ ಓಡುಪಥದಲ್ಲಿರುವೆವೆಂಬ ಪ್ಯಾನ್ ಆಮ್ ಚಾಲಕರ ಮಾತೂ ಏಕಕಾಲಕ್ಕೆ ಹೊರಟು, ರೇಡಿಯೋದಲ್ಲಿ ಕರ್ಕಶ ಧ್ವನಿಯಾಗಿ ಬೆರೆತುಹೋದವು. ಎದುರಿನ ವಿಮಾನವು ಪಥವನ್ನು ಬಿಟ್ಟಿಲ್ಲವೇ ಎಂದು ಯಂತ್ರತಜ್ಞನು ಶಂಕಿಸಿದಾಗ, ದಾರಿ ತೆರವಾಗಿದೆಯೆಂದೇ ನಾಯಕನು ಉತ್ತರಿಸಿದನು. ಮರುಕ್ಷಣಗಳಲ್ಲಿ ನಡೆದ ಘರ್ಷಣೆಯಲ್ಲಿ 583 ಜನರು ಮಡಿದರು.

ಈ ದುರಂತವು ಹೊಸ ನಿಯಮಗಳಿಗೆ ಕಾರಣವಾಯಿತು. 'ಟೇಕ್ ಆಫ್' ಎಂಬ ಪದವನ್ನು ಏರುವ ಅನುಮತಿಯನ್ನು ಕೊಡುವಾಗ ಅಥವಾ ಹಿಂತೆಗೆದುಕೊಳ್ಳುವಾಗ ಮಾತ್ರ ಬಳಸಬೇಕು. ಓಡುಪಥದ ಬಗೆಗಿನ ಅಪ್ಪಣೆಯನ್ನು ಚಾಲಕನು ಮರಳಿ ನುಡಿಯಬೇಕು. ತಪ್ಪಿದ್ದರೆ ನಿಯಂತ್ರಕನು ತಿದ್ದಬೇಕು. ಅನೇಕ ನಿಲ್ದಾಣಗಳಲ್ಲಿ ಓಡುಪಥದ ಪ್ರವೇಶದಲ್ಲಿ ಕೆಂಪು ದೀಪಗಳ ಸಾಲುಂಟು. ಅವು ಉರಿಯುತ್ತಿರುವಾಗ ಯಾರೂ ದಾಟುವಂತಿಲ್ಲ. ಕಿರಿಯರು ಸಂಶಯವನ್ನು ನಿರ್ಭಯವಾಗಿ ಹೇಳುವುದನ್ನೂ, ಹಿರಿಯರು ಅದಕ್ಕೆ ಕಿವಿಗೊಡುವುದನ್ನೂ ತರಬೇತಿಯಲ್ಲಿ ಕಲಿಸುತ್ತಾರೆ.

ಅಂದು ಕೆಟ್ಟುದು ಯಂತ್ರವಲ್ಲ, ಮಾತು. ಸ್ಪಷ್ಟವಾಗಿ ನುಡಿಯುವುದೂ ತಾಳ್ಮೆಯಿಂದ ಆಲಿಸುವುದೂ ಕೇವಲ ಸೌಜನ್ಯವಲ್ಲ. ಅವು ಜೀವರಕ್ಷಣೆಯ ಸಾಧನಗಳು.