ವಿಧಿವಿಜ್ಞಾನ: ಕೂದಲಿನ ಸಾಕ್ಷ್ಯ

1. ಪದರಗಳು (ಹೊರಗಿನಿಂದ ಒಳಕ್ಕೆ): ಕ್ಯೂಟಿಕಲ್, ಕಾರ್ಟೆಕ್ಸ್, ಮೆಡುಲ್ಲಾ. ಮುಖ್ಯ ಪ್ರೋಟೀನ್: ಕೆರಾಟಿನ್. ಬಣ್ಣ: ಮೆಲನಿನ್.

2. ಮೆಡುಲ್ಲಾ ಸೂಚ್ಯಂಕ = ಮೆಡುಲ್ಲಾ ವ್ಯಾಸ ÷ ಕೂದಲಿನ ವ್ಯಾಸ. ಮನುಷ್ಯ: ಸಾಮಾನ್ಯವಾಗಿ 1/3ಕ್ಕಿಂತ ಕಡಿಮೆ, ಪ್ರಾಣಿ: ಸಾಮಾನ್ಯವಾಗಿ 1/2ಕ್ಕಿಂತ ಹೆಚ್ಚು.

3. ಬೆಳವಣಿಗೆಯ ಹಂತಗಳು: ಅನಾಜೆನ್ (ಬೆಳವಣಿಗೆ), ಕ್ಯಾಟಜೆನ್ (ಪರಿವರ್ತನೆ), ಟೆಲೋಜೆನ್ (ವಿಶ್ರಾಂತಿ). ತಾನಾಗಿ ಉದುರಿದ ಟೆಲೋಜೆನ್ ಕೂದಲಿನ ಬೇರು ದೊಣ್ಣೆಯಾಕಾರ. ಕಿತ್ತ ಅನಾಜೆನ್ ಕೂದಲಿನ ಬೇರಿಗೆ ಅಂಗಾಂಶ ಅಂಟಿರಬಹುದು.

4. ಉಪಕರಣ: ಹೋಲಿಕೆ ಸೂಕ್ಷ್ಮದರ್ಶಕ. ಎರಡು ಮಾದರಿ ಅಕ್ಕಪಕ್ಕ ಕಾಣುತ್ತವೆ.

5. ಗೊಂದಲ ಬೇಡ: ಬೇರಿನ ಅಂಗಾಂಶ – ನ್ಯೂಕ್ಲಿಯರ್ ಡಿಎನ್‌ಎ, ಬೇರಿಲ್ಲದ ಎಳೆ – ಮೈಟೊಕಾಂಡ್ರಿಯಲ್ ಡಿಎನ್‌ಎ (ತಾಯಿಯಿಂದ ಮಾತ್ರ, ಒಡಹುಟ್ಟಿದವರಲ್ಲಿ ಒಂದೇ).

6. ಕಾನೂನು: ತಜ್ಞರ ಅಭಿಪ್ರಾಯ – ಭಾರತೀಯ ಸಾಕ್ಷ್ಯ ಅಧಿನಿಯಮ, 2023, ಕಲಂ 39 (ಹಳೆಯದು: ಕಲಂ 45).

7. ನೆನಪಿಡಿ: ಸೂಕ್ಷ್ಮದರ್ಶಕದ ಹೋಲಿಕೆಯೊಂದರಿಂದಲೇ ವ್ಯಕ್ತಿಯನ್ನು ಖಚಿತವಾಗಿ ಗುರುತಿಸಲಾಗದು.